ಭಂಕೂರದ ಆಚೆಯ ಒಂದು ಹರದಾರಿ

ಎದುರಿಗೆ ಬಂದವರ ಮುಖಕ್ಕಿಂತ ಮೊದಲು ಕಾಲು ನೋಡುವ ಮನುಷ್ಯರನ್ನು ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ಚಿತ್ತಾಪುರದ ಸರಕಾರಿ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದರು. ಔಷಧಿ ಕೊಡುವ ಕಿಟಕಿಯಿಂದ ಅರ್ಧ ಮೈ ಹೊರಗೆ ಚಾಚಿ, ಸಾಲಿನಲ್ಲಿ ನಿಂತವರ ಪಾದಗಳನ್ನು ಒಮ್ಮೆ ನೋಡಿಕೊಂಡೇ ಬಾಟಲಿ ಕೈಗೆ ತೆಗೆದುಕೊಳ್ಳುತ್ತಿದ್ದರು. ಹಿಮ್ಮಡಿಯ ಸೀಳಿನಲ್ಲಿ ಕರಿಮಣ್ಣು ಕೂತಿದ್ದರೆ, "ಸುಲೇಪೇಟ ಕಡೀಂದ ಬಂದೀರೇನ್ರಿ?" ಬೆರಳ ಸಂದಿಯಲ್ಲಿ ಬೂದಿಬಣ್ಣದ ಧೂಳಿದ್ದರೆ, "ಕಲ್ಲಿನ ಖಣಿ ಕೆಲಸೇನವ್ವ? ಕೆಮ್ಮು ಎಷ್ಟು ದಿನದಿಂದ ಅದ?" ಬಹಳ ಸಲ ಅವರ ಊಹೆ ಸರಿಯಾಗುತ್ತಿತ್ತು. ತಪ್ಪಾದಾಗ ಅವರಿಗೆ ಇನ್ನೂ ಖುಷಿ. ಆ ಮನುಷ್ಯ ಯಾವ ಊರಿನಿಂದ, ಯಾವ ದಾರಿ ಹಿಡಿದು ಬಂದ ಎಂದು ಪೂರ್ತಿ ಕೇಳಿ ತಿಳಿಯುವ ತನಕ ಹಿಂದಿನವರು ಗೊಣಗುತ್ತ ನಿಲ್ಲಬೇಕಿತ್ತು.

ನಾನು ಮೊದಲ ಸಲ ಆ ಕಿಟಕಿಗೆ ಹೋದದ್ದು ಕೆಮ್ಮಿಗೆ. ಅವರು ಬಗ್ಗಿ ನೋಡಿದರು. "ಸೌಕಾರ್ರೆ, ಕಾಲು ಭಾಳ ಮೆತ್ತಗಾಗ್ಯಾವಲ್ಲ! ಗಾದಿ ಮ್ಯಾಲ ಕುಂತು ಎಷ್ಟು ವರ್ಷಾತು?"

ಆಗ ನಾನು ಸೌಕಾರನೂ ಅಲ್ಲ, ನನಗೆ ಗಾದಿಯೂ ಇರಲಿಲ್ಲ. ಶಹಾಬಾದದಲ್ಲಿ ಲಾರಿಗೆ ನೆಲಕ್ಕೆ ಹಾಸುವ ಪರಸಿ ಕಲ್ಲು ಹೇರುವ ಕೂಲಿಯಿಂದ ಶುರು ಮಾಡಿ, ಅದೇ ಕಲ್ಲಿನ ದಲಾಲಿ ಮಾಡುತ್ತ ಒಂದು ತಗಡಿನ ಕುರ್ಚಿಯ ತನಕ ಏರಿದ್ದೆ. ತಲೆಯ ಮೇಲೆ ಕಲ್ಲು ಹೊತ್ತವನಿಗೆ ನಿನ್ನ ಕಾಲು ಮೆತ್ತಗೆ ಅಂದರೆ ಸಿಟ್ಟು ಬರುವುದಿಲ್ಲವೇ? "ನೀವೆಷ್ಟು ನಡೀತೀರಿ ಹೇಳ್ರಿ, ನಾನೂ ಅಷ್ಟು ನಡೀತೀನಿ" ಎಂದುಬಿಟ್ಟೆ.

"ವಾಡಿಯಿಂದ ಚಿಂಚೋಳೀ ತನಕ" ಎಂದರು ಅವರು, ಔಷಧಿ ಅಳೆಯುತ್ತಲೇ. "ಬರೋ ಐತವಾರ ಶುರು. ಬರ್ತೀರೇನು?"

ಸಿಟ್ಟಿನಲ್ಲಿ ಕರಾರು ಮಾಡಬೇಡಿ ಎಂದು ನಾನು ವ್ಯಾಪಾರಕ್ಕೆ ಹೊಸದಾಗಿ ಬಂದವರಿಗೆಲ್ಲ ಹೇಳುತ್ತೇನೆ. ಸಿಟ್ಟಿನಲ್ಲಿ ಮಾಡಿಯೂ ನನಗೆ ಲಾಭವಾದದ್ದು ಇದೊಂದೇ ಕರಾರು.

ಈ ವರ್ಷ ಮುಂಗಾರಿನ ಮಿರಗದ ಮಳೆ ಬಿದ್ದ ವಾರ ಅವರು ತೀರಿಕೊಂಡರು. ಹೆಸರು ಬರೆಯುವುದಿಲ್ಲ. ಬಾಟಲಿಯ ಮೇಲಿನ ಚೀಟಿಯಲ್ಲಿ ರೋಗಿಯ ಹೆಸರಿರಬೇಕು, ಔಷಧಿ ಕಲಸಿದವನ ಹೆಸರು ಯಾಕೆ ಎನ್ನುತ್ತಿದ್ದವರು ಅವರು. ಸಂಗಡ ನಡೆದ ನಾವು ಮೂವರೂ ಸಾಹೇಬರು ಎಂದೇ ಕರೆದೆವು. ಇಲ್ಲಿಯೂ ಅಷ್ಟು ಸಾಕು.

ವಾಡಿಯಿಂದ ಚಿಂಚೋಳಿಗೆ ಯಾಕೆ ಎಂದರೆ, ಅವರ ತಂದೆ ಎತ್ತಿನ ಮೇಲೆ ಬಟ್ಟೆಯ ಗಂಟು ಹೇರಿಕೊಂಡು ಊರೂರು ಮಾರುತ್ತಿದ್ದವರು. ವಾಡಿಯಲ್ಲಿ ರೈಲಿನಿಂದ ಇಳಿದ ಗಂಟು ಶಹಾಬಾದ, ಭಂಕೂರ, ಗುಂಡಗುರ್ತಿ, ಸುಲೇಪೇಟ ದಾಟಿ ಚಿಂಚೋಳಿಯ ಗುಡ್ಡ ಮುಟ್ಟುತ್ತಿತ್ತು. ಅದು ಬಸ್ಸು ಹೋಗುವ ರಸ್ತೆಯಲ್ಲ, ಹೊಲಗಳ ನಡುವಿನ ಹಳೆಯ ಬಂಡಿದಾರಿ. ಆ ದಾರಿಯ ಬಾವಿಗಳ ಹೆಸರನ್ನು ಸರತಿಯಂತೆ ಹೇಳಿ ತಂದೆ ಮಗನನ್ನು ಮಲಗಿಸುತ್ತಿದ್ದರಂತೆ: ಸೀನೀರ ಬಾವಿ, ಹುಣಸಿ ಬಾವಿ, ಕುಂಟೆತ್ತಿನ ಬಾವಿ. "ಎಲ್ಲಾ ಬಾವೀನೂ ನನಗ ಬಾಯಿಪಾಠ ಅವ. ಒಂದರ ನೀರೂ ಕುಡದಿಲ್ಲ" ಎನ್ನುತ್ತಿದ್ದರು ಸಾಹೇಬರು. "ಅಬ್ಬಾ ನಡದ ದಾರೀನ ಒಮ್ಮಿ ಪೂರಾ ನಡೀಬೇಕು. ಅಷ್ಟ ನನ್ನ ಆಶಾ."

ಪೂರಾ ನಡೆಯಲು ಒಂದೇ ಸಲಕ್ಕೆ ರಜೆ ಯಾರು ಕೊಡುತ್ತಾರೆ? ಹಾಗಾಗಿ ತುಂಡು ತುಂಡು. ಸೀಗಿ ಹುಣ್ಣಿಮೆಯಿಂದ ಹೋಳಿಯ ತನಕ, ಯಾವಾಗ ಎರಡು ರಜೆ ಕೂಡಿ ಬಂದವೋ ಆಗ ಒಂದು ತುಂಡು. ಮಳೆಗಾಲದಲ್ಲಿ ಬೇಡ, ನಮ್ಮ ಕರಿಮಣ್ಣು ಚಪ್ಪಲಿಯನ್ನೇ ಕಿತ್ತಿಟ್ಟುಕೊಳ್ಳುತ್ತದೆ. ನಿಂತಲ್ಲಿ ಸಾಹೇಬರು ಒಂದು ಕಲ್ಲಿಗೆ ಹುಣ್ಣಿಗೆ ಹಚ್ಚುವ ನೇರಳೆ ಔಷಧಿ ಬಳಿಯುತ್ತಿದ್ದರು. ಮುಂದಿನ ಸಲ ಬಸ್ಸಿನಲ್ಲಿ ಬಂದು, ಆ ಕಲ್ಲು ಹುಡುಕಿ, ಅದಕ್ಕೆ ಹಿಮ್ಮಡಿ ಹಚ್ಚಿ ನಿಂತು ಅಲ್ಲಿಂದ ಹೆಜ್ಜೆ ಎತ್ತಬೇಕು. ನಾನು ನಗುತ್ತಿದ್ದೆ. ಅವರು ನಗುತ್ತಿರಲಿಲ್ಲ. "ನಡುವ ಬಿಟ್ಟರ ದಾರಿ ಹರೀತದ ಸೌಕಾರ್ರೆ."

ಉಳಿದಿಬ್ಬರು ಸಂಗಡಿಗರೆಂದರೆ ವಾಡಿ ಜಂಕ್ಷನ್ನಿನ ಪಾಯಿಂಟ್ಸ್‌ಮನ್ ಶಿವರಾಯ ಮತ್ತು ಸೇಡಮ್ಮಿನ ಸಾಲಿಯ ನರಸಿಂಗ ಮಾಸ್ತರರು. ಶಿವರಾಯ ಮಾತು ಕಡಿಮೆ. ಮಾಸ್ತರರು ಅವನ ಪಾಲಿನದನ್ನೂ ಸೇರಿಸಿ ಆಡುವವರು. ಮೊದಲ ದಿನ ವಾಡಿಯಲ್ಲಿ ಸಾಹೇಬರು ನಮ್ಮ ಚೀಲಗಳನ್ನು ಪಾರ್ಸೆಲ್ ತೂಗುವ ಕಾಟಾದ ಮೇಲೆ ಇಡಿಸಿದರು. ನನ್ನ ಚೀಲ ಎಲ್ಲರಿಗಿಂತ ಭಾರ. ಬಿಚ್ಚಿ ಒಂದೊಂದೇ ಹೊರಗೆ ತೆಗೆದರು.

"ಹಿತ್ತಾಳಿ ತಂಬಿಗಿ ಯಾಕ?"

"ನೀರಿಗ್ರಿ."

"ಕ್ಯಾನ್ವಾಸ ಚೀಲದಾಗ ನೀರು ಅದ. ಕಂದೀಲು ಯಾಕ?"

"ಹಾವು ಗೀವು..."

"ತಲಿದಿಂಬ?"

ಮಾಸ್ತರರು ಮಧ್ಯೆ ಬಾಯಿ ಹಾಕಿದರು: "ಇರ್ಲಿ ಬಿಡ್ರಿ ಸಾಹೇಬ್ರೆ, ಹೆಂಡ್ತೀನ ಒಬ್ಬಾಕಿನ್ನ ಬಿಟ್ಟು ಬಂದಾರ."

ಕೊನೆಗೆ ನನಗುಳಿದದ್ದು ಒಂದು ಕೌದಿ, ಒಂದು ಜೊತೆ ಬಟ್ಟೆ, ಕಟಕ ರೊಟ್ಟಿ, ಶೇಂಗಾ ಹಿಂಡಿ, ನಾಲ್ಕು ಉಳ್ಳಾಗಡ್ಡಿ. ಓದುವವರಲ್ಲಿ ಯಾರಾದರೂ ಹೀಗೆ ನಡೆಯುವ ಮನಸ್ಸಿದ್ದರೆ ಕೇಳಿ: ಇಷ್ಟೇ ಸಾಕು. ಚೀಲ ಹೊತ್ತು ಕೂತಲ್ಲಿಂದ ಬೇರೆಯವರ ಕೈ ಹಿಡಿಯದೆ ಏಳಲು ಬಂದರೆ ತೂಕ ಸರಿಯಾಗಿದೆ ಎಂದರ್ಥ.

ಸಾಹೇಬರು ಯಾವಾಗಲೂ ಎಲ್ಲರಿಗಿಂತ ಹಿಂದೆ ನಡೆಯುತ್ತಿದ್ದರು. ಯಾರ ಹೆಜ್ಜೆ ಎಳೆಯುತ್ತಿದೆ, ಯಾರು ಒಂದು ಕಾಲಿಗೆ ಭಾರ ಹಾಕುತ್ತಿದ್ದಾರೆ ಎಂದು ಹಿಂದಿನಿಂದಲೇ ತಿಳಿಯುತ್ತದಂತೆ. "ನಿಂದ್ರಿ ಮಾಸ್ತರ, ಎಡಗಾಲಿನ ಕಿರಿಬಳ್ಳು ಉರೀಲಿಕತ್ತದಲ್ಲ?" ಎಂದು ಕೂಗುತ್ತಿದ್ದರು. ಮಾಸ್ತರರು ಅಯ್ಯೋ ರಾಮಾ ಎಂದು ಕೂರುತ್ತಿದ್ದರು. ಊರು ಬಂದರೆ ಸಾಕು, ಚಾವಡಿಯ ಕಟ್ಟೆಯ ಮೇಲೆ ಮಂದಿ ಸೇರುತ್ತಿತ್ತು. ಕಿವಿ ಸೋರುವವರು, ಮುಳ್ಳು ಮುರಿದುಕೊಂಡವರು, ಏನೂ ಇಲ್ಲದೆ ಸುಮ್ಮನೆ ನಾಡಿ ತೋರಿಸುವವರು. ಸೀತನಿಯ ಕಾಲ ಇದ್ದರೆ ಹೊಲದವರು ಎಳೆಯ ಬೆಳಸಿ ಜೋಳದ ತೆನೆ ಸುಟ್ಟು ಉಜ್ಜಿ ಬೊಗಸೆಗೆ ಹಾಕುತ್ತಿದ್ದರು. ಬೆಲೆ ಕೇಳುವ ಚಟದವನಾದ ನಾನು ಒಮ್ಮೆ ಎಷ್ಟು ಎಂದು ಕೇಳಿ, ಆ ಹೊಲದ ಮುದುಕಿಯಿಂದ ಎಲ್ಲರ ಎದುರಿಗೆ ಬೈಸಿಕೊಂಡಿದ್ದೇನೆ.

ಇನ್ನು ನನ್ನ ತಪ್ಪಿಗೆ ಬರುತ್ತೇನೆ. ಆಗಿನ್ನೂ ನಮ್ಮದು ಮೈಸೂರು ರಾಜ್ಯ. ಮೂರನೆಯ ತುಂಡು ಭಂಕೂರದಿಂದ ಗುಂಡಗುರ್ತಿಗೆ. ಹಿಂದಿನ ದಿನ ಶಹಾಬಾದದ ಬಜಾರದಲ್ಲಿ ಒಂದು ಜೊತೆ ಬೂಟು ಅರ್ಧ ಬೆಲೆಗೆ ಇಳಿಸಿ ಕೊಂಡಿದ್ದೆ. ಒಂದು ನಂಬರು ಸಣ್ಣದು, ಅದಕ್ಕೇ ಇಳಿದದ್ದು. ನಡೆದರೆ ಚರ್ಮ ಸಡಿಲಾಗುತ್ತದೆ ಎಂದುಕೊಂಡೆ. ಭಂಕೂರ ದಾಟಿ ಸ್ವಲ್ಪ ಹೊತ್ತಿಗೆ ಬೂಟಿನೊಳಗೆ ರಕ್ತ. ಅಷ್ಟರಲ್ಲಿ ಕಲ್ಲು ತರಲು ಹೊರಟ ಖಾಲಿ ಲಾರಿಯೊಂದು ಅದೇ ದಾರಿ ಹಿಡಿದು ಹಿಂದಿನಿಂದ ಬಂತು. ನಾನು ಹತ್ತಿಬಿಟ್ಟೆ. ಗುಳ್ಳೆ ಒಡೆದ ನನ್ನ ಕಾಲಿಗೆ ಪಟ್ಟಿ ಕಟ್ಟುತ್ತಿದ್ದ ಸಾಹೇಬರು ಅದನ್ನು ಅರ್ಧಕ್ಕೆ ಬಿಡಲಾರದೆ ನನ್ನೊಡನೆ ಹತ್ತಿದರು. ಶಿವರಾಯ ಮತ್ತು ಮಾಸ್ತರರು ನಡೆದೇ ಬಂದರು. ಮುಂದೆ ದಾರಿ ಕವಲಾಗುವಲ್ಲಿ ನಾವು ಇಳಿದೆವು. ಸಾಹೇಬರ ಲೆಕ್ಕದಲ್ಲಿ ಒಂದು ಹರದಾರಿ, ಎಂದರೆ ಮೂರು ಮೈಲಿನಷ್ಟು ದಾರಿ, ಅವರ ಕಾಲಿನ ಕೆಳಗೆ ಬರಲೇ ಇಲ್ಲ.

ಸಾಹೇಬರು ನನ್ನನ್ನು ಬೈಯಲಿಲ್ಲ. "ಅದನ್ನ ಆಮ್ಯಾಲ ನಡದರಾತು" ಎಂದರು, ಅಷ್ಟೇ. ಆದರೆ ಆ ಆಮೇಲೆ ಎಂಬುದು ಬರಲಿಲ್ಲ. ಒಂದು ವರ್ಷ ದವಾಖಾನೆಯಲ್ಲಿ ರಜೆ ಇಲ್ಲ, ಇನ್ನೊಂದು ವರ್ಷ ಬರಗಾಲ, ಮತ್ತೊಂದು ವರ್ಷ ಅವರ ಮಗಳ ಮದುವೆ. ನಡುನಡುವೆ ಸಿಕ್ಕ ರಜೆಯಲ್ಲಿ ಮುಂದಿನ ತುಂಡುಗಳನ್ನು ಮುಗಿಸುತ್ತ ಹೋಗಿ ಸುಲೇಪೇಟ ಮುಟ್ಟಿದೆವು. ಇನ್ನೊಂದೇ ತುಂಡು, ಚಿಂಚೋಳಿ. ಸಾಹೇಬರು ಸುಲೇಪೇಟದ ಬಸ್ ಸ್ಟ್ಯಾಂಡಿನಲ್ಲಿ ಕೂತು ಖಡಾಖಂಡಿತವಾಗಿ ಹೇಳಿದರು: "ಭಂಕೂರದ ಆಚಿ ಹರದಾರಿ ಮುಗಿಯೋ ತನಕ ನಾ ಚಿಂಚೋಳಿಗಿ ಕಾಲಿಡಂಗಿಲ್ಲ. ಬರೋ ವರ್ಷ ನನ್ನ ನೌಕರಿ ಮುಗೀತದ. ಮೊಣಕಾಲು ಬಾವು ಬರಲಿಕತ್ತಾವ. ಈ ಚಳಿಗಾಲದಾಗ ಆದರ ಆತು, ಇಲ್ಲಾಂದ್ರ ಇಲ್ಲ."

ನಾನು ಬಸ್ಸಿನ ಹೊತ್ತು ಕೇಳಿ ಮಾತು ಹೊರಳಿಸಿದೆ. ಅವರಿಗೆ ಹೇಳದ ಒಂದು ಸಂಗತಿ ನನ್ನ ಹೊಟ್ಟೆಯಲ್ಲಿತ್ತು.

ಆ ದಿನ ಲಾರಿಯ ಮೇಲೆ ಕೂತು ಬಂದೆನಲ್ಲ, ನಡೆಯುವವರಿಗೆ ಕಾಣದ್ದು ಅಷ್ಟು ಎತ್ತರದಿಂದ ನನಗೆ ಕಂಡಿತ್ತು. ದಾರಿಯ ಎರಡೂ ಕಡೆ ಮಣ್ಣು ತೆಳುವು, ಅಲ್ಲಲ್ಲಿ ಕಲ್ಲಿನ ಹಾಸು ಮೇಲೆಯೇ ಎದ್ದಿದೆ. ಕಲ್ಲಿನ ವ್ಯಾಪಾರಿಗೆ ಅದು ಬಯಲಲ್ಲಿ ಬಿದ್ದ ಗಂಟು. ಸದ್ದಿಲ್ಲದೆ ಹೊಲದವರನ್ನು ಹಿಡಿದು, ಚೌಕಾಸಿ ಮಾಡಿ, ವರ್ಷಗಳ ನಂತರ ಆ ಜಾಗದ ಗುತ್ತಿಗೆ ಪಡೆದಿದ್ದೆ. ಬಂಡಿದಾರಿಯೂ ಅದರ ನಡುವೆಯೇ ಹಾದಿತ್ತು. ಈಗ ಅಲ್ಲಿ ಬಂಡಿಗಳು ಹೋಗುವುದು ಅಪರೂಪ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಆ ಚಳಿಗಾಲದಲ್ಲೇ ಖಣಿ ಅಗೆಯುತ್ತ ದಾರಿಯ ಅಂಚಿಗೆ ಬಂದ ದಿನ ಕೆಲಸದ ಭೀಮಬಾಯಿ ನನ್ನನ್ನು ಕರೆದಳು. ಭಂಕೂರದವಳು, ಕೈಯಲ್ಲಿ ಹಾರೆ ಹಿಡಿದರೆ ಪರಸಿ ಪದರು ಪದರಾಗಿ ಬಿಡಿಸುವವಳು, ನಾಲಿಗೆಯೂ ಅಷ್ಟೇ ಚೂಪು. "ಸಾವ್ಕಾರ, ಇಲ್ಲಿ ಕಲ್ಲು ಸವದದ. ನೋಡು ಬಾ."

ಹೋಗಿ ನೋಡಿದೆ. ಹಾಸಿನ ಮೇಲೆ ಎರಡು ಉದ್ದನೆಯ ತೋಡು, ಒಂದಕ್ಕೊಂದು ಸಮದೂರ, ಅಂಗೈ ಅಗಲ. ಕಬ್ಬಿಣದ ಪಟ್ಟಿಯ ಗಾಲಿಗಳು ಎಷ್ಟೋ ತಲೆಮಾರು ಉರುಳಿ ಕೊರೆದದ್ದು.

"ಇದನ್ನ ಯಾರೂ ಮನಿಗಿ ಹಾಸಂಗಿಲ್ಲ" ಎಂದಳು ಭೀಮಬಾಯಿ.

"ಎಬ್ಬಿಸಿ ಒಡಕು ಕಲ್ಲಿನ ಗುಡ್ಡಿಗಿ ಹಾಕ್ರಿ. ಕೆಳಗಿನ ಪದರು ಛಲೋ ಇರ್ತದ."

ಹೀಗೆ ಹೇಳಿದವನು ನಾನು, ಆ ದಾರಿಗಾಗಿ ಏಳೆಂಟು ವರ್ಷ ಒಬ್ಬ ಮನುಷ್ಯನ ಜೊತೆ ನಡೆದವನು. ಆ ಹೊತ್ತಿನಲ್ಲಿ ನನಗೆ ಕಂಡದ್ದು ಕೆಲಸಕ್ಕೆ ಬಾರದ ಕಲ್ಲು ಮಾತ್ರ.

ಮುಂದಿನ ಐತವಾರ ಮುಂಜಾನೆ ನಾನು ಖಣಿಗೆ ಹೋದಾಗ ಅಂಚಿನ ಮೇಲೆ ಮೂವರು ನಿಂತಿದ್ದರು. ಬೆನ್ನಿಗೆ ಚೀಲ, ಹೆಗಲಿಗೆ ನೀರು. ಸಾಹೇಬರು ಮೊಣಕಾಲೂರಿ, ಉಳಿದಿದ್ದ ತೋಡಿನೊಳಗೆ ಅಂಗೈ ಇಟ್ಟಿದ್ದರು. ಅವರ ಮುಂದೆ ಐದಾರು ಲಾರಿ ಉದ್ದಕ್ಕೆ ಹಾಸು ಎದ್ದು ಹೋಗಿ ಗುಂಡಿ ಬಾಯಿ ತೆರೆದಿತ್ತು.

"ನಿಮಗ ಯಾರು ಹೇಳಿದ್ರು?" ಎಂದೆ. ನನ್ನ ಬಾಯಿಯಿಂದ ಮೊದಲು ಬಂದ ಮಾತು ಅದು. ಈಗಲೂ ನಾಚಿಕೆಯಾಗುತ್ತದೆ.

"ಭೀಮಬಾಯಿ ಕಾಲು ಹೇಳಿದವು" ಎಂದರು ಸಾಹೇಬರು, ಏಳುತ್ತ. ಕೆಮ್ಮಿನ ಔಷಧಿಗೆ ಹೋದವಳ ಬೆರಳ ಸಂದಿಯಲ್ಲಿ ಹೊಸ ಧೂಳು ಕಂಡು, ಯಾವ ಖಣಿ, ಎಲ್ಲಿ, ಏನು ಎಂದು ಎಂದಿನಂತೆ ಕೇಳಿದ್ದರು. ಅವಳೂ ಎಲ್ಲ ಹೇಳಿದ್ದಳು, ಸವೆದ ಕಲ್ಲಿನ ಸಮೇತ.

ಮಾಸ್ತರರು ಸಿಡಿದರು. "ನಮ್ಮ ಸಂಗಾಟ ನಡಕೋತ ಜಾಗಾ ನೋಡಲಿಕತ್ತಿದ್ರೇನು? ಛೇ!"

"ಮಾಸ್ತರ, ಸಬರ್, ತಡೀರಿ" ಎಂದರು ಸಾಹೇಬರು. ನನ್ನ ಕಡೆ ತಿರುಗಿದರು. "ಸೌಕಾರ್ರೆ, ನೀವು ವ್ಯಾಪಾರಸ್ಥರು. ನಾನೂ ವ್ಯಾಪಾರಕ್ಕ ಬಂದೀನಿ. ಈ ಖಣಿ ಬಂದ್ ಮಾಡ್ರಿ."

"ಅದೆಂಗ್ರಿ? ಇಷ್ಟು ಮಂದಿ ಹೊಟ್ಟಿ ಅದ ಇದರ ಮ್ಯಾಲ."

"ಹಂಗಾರ ದಾರಿಗಿ ಮೂವತ್ತು ಫೂಟು ಬಿಡ್ರಿ."

"ನಾಕು ಫೂಟು. ಮನುಷ್ಯಾ ಹೋಗಲಿಕ್ಕ ಸಾಕು."

"ನಮ್ಮ ಅಬ್ಬಾ ಗಂಟು ಎತ್ತಿನ ಮ್ಯಾಲ ಅಡ್ಡ ಹೇರತಿದ್ರು. ನಾಕು ಫೂಟಿನಾಗ ಎತ್ತು ಗುಂಡಿಗಿ ಬಿದ್ದರ ಜಿಮ್ಮೇದಾರಿ ಯಾರದು?"

"ಆರು."

"ಬಂಡಿ?"

"ಬಂಡಿ ಎಲ್ಲಿ ಬರ್ತಾವ್ರಿ ಈಗ? ಎಂಟು. ಇದರ ಮ್ಯಾಲ ಒಂದು ಬಟ್ಟೂ ಇಲ್ಲ."

ಆಗ ಭೀಮಬಾಯಿ ಕೆಳಗಿನಿಂದ ಕೂಗಿದಳು: "ಬಂಡಿ ಹೊಂಟಾಗ ನಾ ಬುಟ್ಟಿ ಹೊತಗೊಂಡು ಎಲ್ಲಿ ನಿಂದ್ರಲಿ ಸಾವ್ಕಾರ? ನಿನ್ನ ತಲಿ ಮ್ಯಾಲೇನು?"

ಎಲ್ಲರೂ ನಕ್ಕರು. ನಗುವಿನಲ್ಲಿ ನಾನು ಸೋತೆ. ಹನ್ನೆರಡಕ್ಕೆ ಮುಗಿಯಿತು: ಒಂದು ಬಂಡಿ, ಬಾಜೂಕ ಬುಟ್ಟಿ ಹೊತ್ತ ಒಬ್ಬ ಹೆಂಗಸು. ಗುರುತು ಹಾಕಲು ಟೇಪು ಹಿಡಿದು ಹೋದೆ. ದಾರಿಯ ಆ ಕಡೆ ಈ ಕಡೆ ಎರಡು ಕಲ್ಲಿಗೆ ನೇರಳೆ ಬಣ್ಣ ಆಗಲೇ ಬಿದ್ದಿತ್ತು. ಅಳೆದೆ. ಹನ್ನೆರಡು ಫೂಟು, ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯಿಲ್ಲ. ನಾನು ಬರುವ ಮೊದಲೇ ಭೀಮಬಾಯಿಯನ್ನು ಕೇಳಿ ಅಳತೆ ಗೊತ್ತು ಮಾಡಿಕೊಂಡಿದ್ದರು. ಖಣಿ ಬಂದ್ ಮಾಡಿ ಅಂದದ್ದು ನನ್ನನ್ನು ಈ ಹನ್ನೆರಡಕ್ಕೆ ತರಲಿಕ್ಕೆ. ಕಲ್ಲಿನ ಬಜಾರದಲ್ಲಿ ನನ್ನನ್ನು ಅಷ್ಟು ಚೊಕ್ಕಟವಾಗಿ ಯಾರೂ ಬಗ್ಗಿಸಿರಲಿಲ್ಲ.

ಆದರೆ ಎಬ್ಬಿಸಿದ ಹಾಸು? ಗುಂಡಿಯನ್ನು ಒಡಕು ಕಲ್ಲಿನಿಂದ ತುಂಬಿ, ಗುಡ್ಡೆಯಲ್ಲಿ ಬಿದ್ದ ತೋಡಿನ ಕಲ್ಲುಗಳನ್ನು ಹುಡುಕಿ ತಂದು ಮತ್ತೆ ಹಾಸಬೇಕಾಯಿತು. ಎರಡು ಐತವಾರ ಹಿಡಿಯಿತು. ಹೆಂಗಸರು ಹಾರೆ ಹಿಡಿದರು, ನಾವು ನಾಲ್ವರು ಹೊತ್ತೆವು. ತೋಡಿಗೆ ತೋಡು ಕೂಡಿಸುವುದು ಕಂಡಷ್ಟು ಸರಳವಲ್ಲ. ಮಾಸ್ತರರು ಒಂದು ಕಲ್ಲು ತಂದು, ಇದು ಇಲ್ಲಿಯದೇ ಎಂದು ಹಟ ಹಿಡಿದು ಅಡ್ಡ ಇಟ್ಟರು. ಭೀಮಬಾಯಿ ಸೊಂಟದ ಮೇಲೆ ಕೈಯಿಟ್ಟು ನೋಡಿದಳು. "ಮಾಸ್ತರ, ಬಂಡಿ ಇಲ್ಲಿ ಗಪ್ನ ತಿರುಗಿ ನಿಮ್ಮ ಸಾಲಿಗೇನರ ಹೊಂಟಿತ್ತೇನ್ರಿ?" ಶಿವರಾಯ, ಗಾಡಿಯ ಹಳಿ ಬದಲಿಸುವುದೇ ಕಸುಬಾದವನು, ಬಂದು ಕಲ್ಲನ್ನು ಕಾಲು ಸುತ್ತು ತಿರುಗಿಸಿದ. ಕೂತಿತು.

ಎಲ್ಲ ಮುಗಿದ ಮೇಲೆ ಸಾಹೇಬರು ಮತ್ತೆ ತೋಡಿನೊಳಗೆ ಅಂಗೈ ಇಟ್ಟು ನೋಡಿದರು. ತಮ್ಮಷ್ಟಕ್ಕೆ ತಾವೇ ಎಂಬಂತೆ, "ಎಬ್ಬಿಸಿ ಇಟ್ಟದ್ದು. ಇದು ಅಬ್ಬಾನ ದಾರಿ ಹೌದೋ ಅಲ್ಲೋ?" ಎಂದರು.

"ಅದೇ ಕಲ್ಲು, ಅದೇ ಜಾಗಾ" ಎಂದಳು ಭೀಮಬಾಯಿ. "ನಡೀರಿ ಸಾಹೇಬ್ರೆ, ಹೊತ್ತಾತು."

ಹಿಂದೆ ಲಾರಿ ಹತ್ತಿದ್ದ ಜಾಗದಿಂದ ಶುರುಮಾಡಿ ನಡೆದೆವು. ಹರದಾರಿ ಮುಗಿದ ಕವಲಿನಲ್ಲಿ ಸಾಹೇಬರು ನನ್ನ ಕಾಲು ನೋಡಿ ಬೆನ್ನು ತಟ್ಟಿದರು. ಅದೇ ಚಳಿಗಾಲದ ಕೊನೆಗೆ ಸುಲೇಪೇಟದಿಂದ ಚಿಂಚೋಳಿಗೂ ಹೋದೆವು. ಕೊನೆಯ ಬಾವಿಯ ಹತ್ತಿರ ಒಬ್ಬಾಕೆ ನೀರು ಸೇದುತ್ತಿದ್ದಳು. ಸಾಹೇಬರು ಬೊಗಸೆಯೊಡ್ಡಿ ಕುಡಿದು, ಮುಖ ತೊಳೆದುಕೊಂಡು, ಕಟ್ಟೆಯ ಕಲ್ಲಿಗೆ ನೇರಳೆ ಬಣ್ಣ ಬಳಿದರು.

"ಮುಗೀತಲ್ರಿ ಸಾಹೇಬ್ರೆ. ಇನ್ನ್ಯಾಕ ಗುರುತು?" ಎಂದೆ.

"ಮುಗೀತಾ? ಅಬ್ಬಾ ಬರೇ ಹೋಗತಿದ್ದಿಲ್ಲ ಸೌಕಾರ್ರೆ, ತಿರುಗಿ ಮನಿಗಿ ಬರತಿದ್ರು. ಅರ್ಧಾ ಆತು."

ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಕೋಪ ಬರಬೇಕಿತ್ತು. ಮಾಸ್ತರರು ಮಾತ್ರ ಪಂಚಾಂಗ ಕೇಳುವವರ ಹಾಗೆ, "ಬರೋ ಸೀಗಿ ಹುಣ್ಣಿಮಿ ಯಾವ ವಾರ ಬರ್ತದ?" ಎಂದರು.

ನೌಕರಿ ಮುಗಿಸಿ ಅವರು ಬೀದರದ ಮಗಳ ಮನೆಗೆ ಹೋದರೂ ಪ್ರತಿ ಚಳಿಗಾಲ ಬಸ್ಸಿಗೆ ಬರುತ್ತಿದ್ದರು. ಮೊಣಕಾಲಿನ ನೋವಿಗೆ ತಕ್ಕಂತೆ ತುಂಡುಗಳು ಸಣ್ಣವಾದವು. ಒಂದು ವರ್ಷ ಬರೀ ಎರಡು ಬಾವಿಯ ನಡುವಿನಷ್ಟು. ಹೀಗೆ ಹಿಂದಕ್ಕೆ ಬರುತ್ತ ಕಳೆದ ಮಾಘದಲ್ಲಿ ಗುಂಡಗುರ್ತಿ ಮುಟ್ಟಿ, ಅಲ್ಲಿ ಒಂದು ಕಲ್ಲಿಗೆ ಬಣ್ಣ ಬಳಿದು ಬಸ್ಸು ಹತ್ತಿದ್ದರು.

ಆ ಹನ್ನೆರಡು ಫೂಟು ಇಂದಿಗೂ ಇದೆ. ಎರಡೂ ಕಡೆ ಖಣಿ ಆಳಕ್ಕೆ ಇಳಿದು ನೀರು ನಿಂತಿದೆ, ನಡುವೆ ದಾರಿ ಕಟ್ಟೆಯ ಹಾಗೆ ಉಳಿದಿದೆ. ತೊಗರಿಯ ರಾಶಿಯ ಕಾಲಕ್ಕೆ ಬಂಡಿಗಳು ಮತ್ತೆ ಬರತೊಡಗಿವೆ. ರಸ್ತೆ ಬಳಸಿ ಹೋಗುವುದಕ್ಕಿಂತ ಹತ್ತಿರ. ಅದರಡಿಯ ಕಲ್ಲು ಕೇಳಿಕೊಂಡು ಇಬ್ಬರು ನನ್ನಲ್ಲಿಗೆ ಬಂದಿದ್ದರು. ಕೊಡಲಿಲ್ಲ. ಖಣಿ ತೆಗೆಯುವವರಿಗೆ ನಾನು ಹೇಳುವುದಿಷ್ಟು: ದಾರಿಗೆ ಬಿಟ್ಟದ್ದು ನಷ್ಟವೆಂದು ಬರೆಯಬೇಡಿ. ಸುತ್ತಲ ಹೊಲದವರೊಂದಿಗೆ ನನಗೆ ಇಷ್ಟು ವರ್ಷ ಒಂದೂ ತಕರಾರು ಬಂದಿಲ್ಲ.

ಸುದ್ದಿ ಬಂದ ಮೇಲೆ ನಾನು, ಶಿವರಾಯ, ಮಾಸ್ತರರು ಕೂಡಿದೆವು. ಉಳಿದದ್ದು ಗುಂಡಗುರ್ತಿಯಿಂದ ವಾಡಿ. ಮಳೆಗಾಲ ಮುಗಿದ ಮೊದಲ ಐತವಾರ ಅವರು ಬಣ್ಣ ಬಳಿದ ಕಲ್ಲಿಗೆ ಹಿಮ್ಮಡಿ ಹಚ್ಚಿ ಹೊರಡುವುದೆಂದು ಗೊತ್ತಾಯಿತು. ಖಣಿಯಲ್ಲಿ ಭೀಮಬಾಯಿಗೂ ಹೇಳಿದೆ. ಅವಳು ಹಾರೆಯನ್ನು ಗುಡ್ಡೆಗೆ ಒರಗಿಸಿ, ಸೆರಗಿನಿಂದ ಮುಖ ಒರೆಸಿಕೊಂಡಳು.

"ನಾನೂ ಬರ್ತೀನಿ" ಎಂದಳು.

"ಭಾಳ ದೂರ ಅದ, ಭೀಮಬಾಯಿ."

"ದೂರ ಇರ್ಲಿ ಬಿಡು. ಆ ದಾರಿ ನನ್ನ ಕೈಲೆ ಹಾಸಿದ್ದು. ತಲಿ ಮ್ಯಾಲ ಬುಟ್ಟಿ ಇಲ್ದ ಒಮ್ಮ್ಯಾರ ಅದರ ಮ್ಯಾಲ ನಡದು ನೋಡ್ತೀನಿ."